ಲಸಿಕಾ ಪ್ರಕರಣ ಅಥವಾ ಅರವತ್ತು ದಾಟಿದವರ ಎಡತೋಳನ್ನು ಕುರಿತ ಒಂದು ಜಿಜ್ಞಾಸೆ

ಯಾವ ಶಾಸ್ತ್ರಗ್ರಂಥವೂ ಅನುಬಂಧ ಚತುಷ್ಟಯವನ್ನು ಹೇಳದೆ ತೊಡಗಬಾರದೆಂದು ಪ್ರಾಚೀನರ ಕಟ್ಟಳೆ. ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಎಂಬ ಆ ನಾಲ್ಕರ ಪೈಕಿ ಕೊನೆಯದು ಈ ಪ್ರಬಂಧಕ್ಕೆ ಇದೆಯೇ ಇಲ್ಲವೇ ಎಂಬುದರಲ್ಲಿ ಪ್ರಬಂಧಕಾರನಿಗೂ ಆತನ ಮನೆಯವರಿಗೂ ಮತಭೇದವುಂಟು. ಉಳಿದ ಮೂರನ್ನು ಯಥಾಶಕ್ತಿ ನಿರೂಪಿಸಲಾಗುವುದು. ಅಧ್ಯಯನದ ವ್ಯಾಪ್ತಿ ನಮ್ಮ ಬೀದಿ. ಆಕರಗಳು ಗೇಟಿನ ಬಳಿ ಕೇಳಿಬಂದವು.

2021ರ ಮಾರ್ಚ್ 1ರಂದು ನಮ್ಮ ದೇಶದಲ್ಲಿ ಅರವತ್ತು ದಾಟಿದವರಿಗೆ ಕೋವಿಡ್ ಲಸಿಕೆ ಹಾಕುವುದು ಶುರುವಾಯಿತು. ಅಂದಿನಿಂದ ವೈದ್ಯರು, ಅಂಕಿಅಂಶದವರು, ಟಿ.ವಿ.ಯ ಪಂಡಿತರು ಹೇಳಿದ್ದೆಲ್ಲ ಸೂಜಿ ತೋಳಿನೊಳಗಿದ್ದ ಎರಡು ಸೆಕೆಂಡಿನ ವಿಚಾರ. ಸೂಜಿಗೆ ಮುಂಚಿನ ವಾರಗಳು, ಸೂಜಿಯ ನಂತರದ ಅರ್ಧ ಗಂಟೆ ಯಾವ ವಿದ್ವಾಂಸನ ಕಣ್ಣಿಗೂ ಬೀಳಲಿಲ್ಲ. ನಮ್ಮ ಸಿದ್ಧಾಂತ ಇಷ್ಟು: ಲಸಿಕೆ ಮೂಲತಃ ಒಂದು ತಿರುಗಾಟ. ವರ್ಷವಿಡೀ ಮಕ್ಕಳಿಂದ "ಗೇಟ್ ದಾಟಬೇಡಿ" ಎನ್ನಿಸಿಕೊಂಡವರಿಗೆ ಸರ್ಕಾರವೇ ಬರೆದುಕೊಟ್ಟ ರಹದಾರಿ ಅದು. ಸೂಜಿ ಆ ರಹದಾರಿಗೆ ಕಟ್ಟಬೇಕಾದ ಸುಂಕ.

ಮೊದಲು ಅಧಿಕಾರಿ, ಎಂದರೆ ಅರ್ಹತೆ ಯಾರಿಗೆ ಎಂಬ ಪ್ರಶ್ನೆ. ಅರವತ್ತು ತುಂಬಿದವರಿಗೆ. ಯಾವ ದಿನಕ್ಕೆ ತುಂಬಿರಬೇಕು? ನಿಯಮದ ಪ್ರಕಾರ 2022ರ ಜನವರಿ 1ಕ್ಕೆ! ಎಂದರೆ 2021ರ ಮಾರ್ಚಿನಲ್ಲಿ ಇನ್ನೂ ಐವತ್ತೊಂಬತ್ತರಲ್ಲಿದ್ದವರು ಹತ್ತು ತಿಂಗಳ ಮುಪ್ಪನ್ನು ಮುಂಗಡವಾಗಿ ಪಡೆಯಬಹುದಿತ್ತು. ಯಯಾತಿ ಮಗನಿಂದ ಯೌವನವನ್ನು ಕಡ ತಂದ ಕಥೆ ಎಲ್ಲರಿಗೂ ಗೊತ್ತು. ಪ್ರಜೆಗಳಿಗೆ ಮುಪ್ಪನ್ನು ಮುಂಗಡ ಕೊಟ್ಟ ದೊರೆ ಮಾತ್ರ ಹದಿನೆಂಟು ಪುರಾಣಗಳಲ್ಲಿ ಎಲ್ಲಿಯೂ ಇಲ್ಲ. ಇನ್ನು ಈ ತಲೆಮಾರಿನ ಹುಟ್ಟಿದ ದಿನವೇ ಒಂದು ಪಾಠಾಂತರ. ತಾಯಿಯ ಪ್ರಕಾರ ದೊಡ್ಡ ಮಳೆ ಬಂದ ವರ್ಷ, ಆಧಾರ್ ಪ್ರಕಾರ ಜನವರಿ 1, ಶಾಲೆಯ ದಾಖಲೆಯ ಪ್ರಕಾರ ಒಂದನೇ ತರಗತಿಗೆ ಸೇರಿಸಿಕೊಂಡ ಮೇಷ್ಟ್ರ ಮರ್ಜಿ. ಹಿಂದಿನ ಬೀದಿಯ ಒಬ್ಬರು ಬಹಳ ವರ್ಷದಿಂದ ಐವತ್ತೆರಡರಲ್ಲೇ ಇದ್ದರು. ಮಾರ್ಚ್ 1ರ ಬೆಳಿಗ್ಗೆ ಒಮ್ಮೆಗೇ ಅರವತ್ತೆಂಟಾದರು. ಅವರ ಯಜಮಾನರಿಗೆ ಆದ ಆಘಾತವನ್ನು ಲಸಿಕೆಯ ಅಡ್ಡಪರಿಣಾಮಗಳ ಪಟ್ಟಿಗೆ ಸೇರಿಸಬೇಕೆಂದು ನಮ್ಮ ಶಿಫಾರಸು.

ನಲವತ್ತೈದರಿಂದ ಐವತ್ತೊಂಬತ್ತರವರೆಗಿನವರಿಗೂ ಒಂದು ಕಿಂಡಿ ಇತ್ತು. ಸರ್ಕಾರ ಪಟ್ಟಿ ಮಾಡಿದ 20 ಕಾಯಿಲೆಗಳಲ್ಲಿ ಒಂದಾದರೂ ಇರಬೇಕು, ಅದಕ್ಕೆ ಡಾಕ್ಟರ ಸರ್ಟಿಫಿಕೇಟ್ ಬೇಕು. ಶುಗರ್ ಇದೆಯೆಂದು ಮದುವೆಮನೆಯಲ್ಲಿ ಹೋಳಿಗೆ ಬಡಿಸುವವರಿಗೂ ಬಾಯಿ ಬಿಡದವರು, "ಹತ್ತು ವರ್ಷದ ಹಳೇದು ಡಾಕ್ಟ್ರೇ, ಸರಿಯಾಗಿ ಬರೀರಿ" ಎಂದು ಅಂಗಲಾಚಿದ ದಿನಗಳು ಅವು. ಏಪ್ರಿಲ್ 1ರಿಂದ ನಲವತ್ತೈದು ದಾಟಿದ ಎಲ್ಲರಿಗೂ ಲಸಿಕೆ ಎಂದಾಯಿತು, ಸರ್ಟಿಫಿಕೇಟಿನ ಅಗತ್ಯ ಹೋಯಿತು. ಕಷ್ಟಪಟ್ಟು ಪಡೆದವರಿಗೆ ಕಾಯಿಲೆ ಮಾತ್ರ ಉಳಿಯಿತು.

ವಿಷಯ ನಿರೂಪಣೆ ಚಿಕ್ಕದು. ಆಗ ಇದ್ದ ಲಸಿಕೆಗಳು ಎರಡು: ಪುಣೆಯ ಕೋವಿಶೀಲ್ಡ್, ಹೈದರಾಬಾದಿನ ಕೋವ್ಯಾಕ್ಸಿನ್. ಇವನ್ನು ಗೋತ್ರಗಳೆಂದು ತಿಳಿಯತಕ್ಕದ್ದು. ವಿವಾಹಶಾಸ್ತ್ರದಲ್ಲಿ ಸಗೋತ್ರ ನಿಷಿದ್ಧ, ಲಸಿಕಾಶಾಸ್ತ್ರದಲ್ಲಿ ಸಗೋತ್ರವೇ ವಿಧಿ: ಮೊದಲನೆಯದು ಯಾವುದೋ ಎರಡನೆಯದೂ ಅದೇ ಆಗಬೇಕಿತ್ತು. ಹಾಗಾಗಿ ಆ ಬೇಸಿಗೆಯಲ್ಲಿ ಹಿರಿಯರು ಎದುರುಬದುರಾದರೆ ಊರು, ಮನೆತನ, ಮಕ್ಕಳ ಸಂಬಳ ಎಲ್ಲ ಬಿಟ್ಟು "ನಿಮ್ಮದು ಯಾವ್ದು?" ಎಂದು ಕೇಳಿದರೆ ಸಾಕಿತ್ತು.

ಗೋತ್ರದಷ್ಟೇ ಮುಖ್ಯವಾದುದು ಅಂತರ. ಕೋವ್ಯಾಕ್ಸಿನ್‌ಗೆ 28 ದಿನ, ಅದರಲ್ಲಿ ವಿವಾದವಿಲ್ಲ. ಕೋವಿಶೀಲ್ಡಿನ ಕಾಲಮೀಮಾಂಸೆ ಗಹನ. ಮೊದಲು ಅದಕ್ಕೂ 28 ದಿನವೆಂದರು. ಮಾರ್ಚಿನ ಕೊನೆಯ ಹೊತ್ತಿಗೆ ಆರರಿಂದ ಎಂಟು ವಾರವೆಂದರು. ಮೇ 13ರಂದು ಹನ್ನೆರಡರಿಂದ ಹದಿನಾರು ವಾರ, ಕನಿಷ್ಠ 84 ದಿನ ಎಂದಾಯಿತು. ಒಂದು ಮಂಡಲಕ್ಕೆ 48 ದಿನವಾದ್ದರಿಂದ 84 ಎಂದರೆ ಸರಿಯಾಗಿ ಒಂದೂಮುಕ್ಕಾಲು ಮಂಡಲ. ವ್ರತಶಾಸ್ತ್ರದಲ್ಲಿ ಮುಕ್ಕಾಲಿಗೆ ಉದ್ಯಾಪನೆಯಿಲ್ಲ, ಆದರೂ ನಮ್ಮ ಹಿರಿಯರು ಪಾಲಿಸಿದರು. ಇಲ್ಲಿ ಪೂರ್ವಪಕ್ಷದವರು ಆಕ್ಷೇಪಿಸುತ್ತಾರೆ: ಲಸಿಕೆಯ ದಾಸ್ತಾನು ಇಲ್ಲದ್ದರಿಂದ ಅಂತರ ಹಿಗ್ಗಿಸಿದರು, ಅಷ್ಟೆ. ಉತ್ತರಪಕ್ಷ: ಹಾಗಲ್ಲ, ಹನ್ನೆರಡು ವಾರ ಬಿಟ್ಟು ಹಾಕಿದರೆ ಶೇ. 81ರಷ್ಟು, ಆರು ವಾರದೊಳಗೆ ಹಾಕಿದರೆ ಶೇ. 55ರಷ್ಟು ರಕ್ಷಣೆ ಎಂದು ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅಚ್ಚಾಗಿದೆ. ಪ್ರಬಂಧಕಾರನ ನಿರ್ಣಯ: ಉತ್ತರಪಕ್ಷದ ಪುರಾವೆ ಗಟ್ಟಿಯಾದದ್ದೇ. ಅದು ಅಚ್ಚಾದದ್ದು ಫೆಬ್ರವರಿಯಲ್ಲಿ. ನಮ್ಮಲ್ಲಿಗೆ ತಲುಪಲು ಆಸ್ಪತ್ರೆಗಳ ಬಾಗಿಲಿಗೆ "ಲಸಿಕೆ ದಾಸ್ತಾನು ಇಲ್ಲ" ಎಂಬ ಬೋರ್ಡು ಬೀಳುವ ಮೇ ತಿಂಗಳವರೆಗೂ ಕಾದದ್ದು ಮಾತ್ರ ಆ ಪುರಾವೆಯ ಸೌಜನ್ಯ. ಹತ್ತು ತಿಂಗಳಾಚೆಯ ವಯಸ್ಸನ್ನು ಎಣಿಸಬಲ್ಲ ಲೆಕ್ಕಿಗರಿಗೆ ಹತ್ತು ವಾರದಾಚೆಯ ಸೀಸೆಗಳನ್ನು ಎಣಿಸುವುದು ಕಷ್ಟವಾಯಿತು.

ಆ ಏಪ್ರಿಲ್, ಮೇ ತಿಂಗಳ ಬಗ್ಗೆ ಇನ್ನೊಂದು ಮಾತಿದೆ. ಮೊದಲ ಡೋಸಿಗೆ ಜೋಡಿಯಾಗಿ ಬಂದ ಕೆಲವರು ಎರಡನೆಯದಕ್ಕೆ ಒಬ್ಬರೇ ಬಂದರು. ಇದಕ್ಕೆ ವ್ಯಾಖ್ಯಾನ ಬರೆಯುವ ಶಕ್ತಿ ಪ್ರಬಂಧಕಾರನಿಗಿಲ್ಲ. ಮುಂದೆ ಹೋಗೋಣ.

ಸಂಬಂಧ ಎಂಬ ಮೂರನೆಯ ಅನುಬಂಧಕ್ಕೆ ಓಟಿಪಿ ಎಂದು ಹೆಸರು. ಕೋವಿನ್ ಎಂಬ ಜಾಲದಲ್ಲಿ ಮೊಬೈಲ್ ಸಂಖ್ಯೆ ಒತ್ತಿದರೆ ಆ ಮೊಬೈಲಿಗೆ ಅಂಕಿಗಳ ಒಂದು ಬೀಜಮಂತ್ರ ಬರುತ್ತಿತ್ತು. ಮೂರು ನಿಮಿಷದೊಳಗೆ ಅದನ್ನು ಜಪಿಸದಿದ್ದರೆ ಮಂತ್ರ ನಿರ್ವೀರ್ಯ. ಒಂದು ಸಂಖ್ಯೆಯಡಿ ನಾಲ್ವರು ಹೆಸರು ಬರೆಸಬಹುದಿತ್ತು. ಇದರಿಂದ ಆಸ್ತಿ ಭಾಗವಾಗಿ ದೂರವಾಗಿದ್ದ ಅಣ್ಣತಮ್ಮಂದಿರು, ಪಕ್ಕದ ಮನೆಯ ತಾತ, ಕೆಲಸದವಳ ತಾಯಿ ಒಂದೇ ಮೊಬೈಲಿನಲ್ಲಿ ಅವಿಭಕ್ತ ಕುಟುಂಬವಾದರು. ಸಮಾಜಶಾಸ್ತ್ರಜ್ಞರು ಮುಗಿದೇಹೋಯಿತೆಂದು ಬರೆದಿದ್ದ ಸಂಸ್ಥೆ ಹೀಗೆ ಮರುಹುಟ್ಟು ಪಡೆಯಿತು.

ಮಗ ಕ್ಯಾಲಿಫೋರ್ನಿಯಾದಲ್ಲಿ, ಅಪ್ಪ ಮೈಸೂರಿನಲ್ಲಿ ಇದ್ದರೆ ಸಂಬಂಧ ಇನ್ನೂ ಸೂಕ್ಷ್ಮ. ಅಲ್ಲಿ ರಾತ್ರಿ ನಿದ್ದೆಗೆಟ್ಟು ಸ್ಲಾಟ್ ಹುಡುಕುವವನು ಮಗ, ಇಲ್ಲಿ ಓಟಿಪಿಯ ಒಡೆಯ ಅಪ್ಪ. ಅಪ್ಪ ಬ್ಯಾಂಕಿನಲ್ಲಿ ಅಕೌಂಟೆಂಟ್ ಆಗಿ ನಿವೃತ್ತರಾದವರು. ಪ್ರಬಂಧಕಾರನು ಕಾಂಪೌಂಡಿನ ಈಚೆಯಿಂದ ಸಂಗ್ರಹಿಸಿದ ಪಠ್ಯವನ್ನು ಯಥಾವತ್ತಾಗಿ ಕೊಡಲಾಗಿದೆ:

"ಅಪ್ಪಾ, ಈಗೊಂದು ಓಟಿಪಿ ಬರುತ್ತೆ, ನೋಡಿ ಹೇಳು."

"ಫೋನು ಕಿವೀಲಿದೆ, ಹೇಗೋ ನೋಡ್ಲಿ?"

"ಸ್ಪೀಕರ್‌ಗೆ ಹಾಕಪ್ಪಾ."

"ಹಾಕ್ದೆ. ಬಂತು. ಆದ್ರೆ ಇದನ್ನ ಯಾರಿಗೂ ಹೇಳಬಾರದು ಅಂತ ಬರ್ದಿದೆ."

"ನಾನು ನಿನ್ನ ಮಗ ಕಣಪ್ಪಾ!"

"ಹಾಗೇ ಹೇಳ್ಕೊಂಡು ಮಾಡ್ತಾರಂತೆ. ಪೇಪರ್‌ನಲ್ಲಿ ಬಂದಿತ್ತು."

ಮಗನ ದನಿ ಹೌದೋ ಅಲ್ಲವೋ ಎಂದು ತೀರ್ಮಾನಿಸಲು ಅಮ್ಮನನ್ನು ಅಡುಗೆಮನೆಯಿಂದ ಕರೆಸಲಾಯಿತು. ಆಕೆ ಒಮ್ಮೆಗೇ ಗುರುತು ಹಿಡಿದು, "ಊಟ ಆಯ್ತೇನೋ?" ಎಂದು ಕೇಳಿ, ಕನ್ನಡಕ ಹುಡುಕಿ, ಗಟ್ಟಿಯಾಗಿ ಅಂಕಿಗಳನ್ನು ಓದಿದರು. ಓದಿದ್ದು ಗ್ಯಾಸ್ ಸಿಲಿಂಡರಿನ ಓಟಿಪಿ. ಅಷ್ಟರಲ್ಲಿ ಮೂರು ನಿಮಿಷ ಮುಗಿದಿತ್ತು. ಮಾರನೆಯ ದಿನ ದಂಪತಿ ಯಾರಿಗೂ ಹೇಳದೆ ನೇರ ಸರ್ಕಾರಿ ಆರೋಗ್ಯ ಕೇಂದ್ರಕ್ಕೆ ನಡೆದು ಹೋಗಿ ಟೋಕನ್ ತೆಗೆದುಕೊಂಡು ಹಾಕಿಸಿಕೊಂಡು ಬಂದರು. ಮಗ ಒಂದು ವಾರ ಮಾತು ಬಿಟ್ಟಿದ್ದನೆಂದು ತಿಳಿದುಬಂದಿದೆ.

ಆರೋಗ್ಯ ಕೇಂದ್ರದಲ್ಲಿ ಕೋರಂ ಎಂಬ ಇನ್ನೊಂದು ತತ್ತ್ವವಿದೆ. ಕೋವಿಶೀಲ್ಡಿನ ಒಂದು ಸೀಸೆಯಲ್ಲಿ 10 ಡೋಸ್. ಮುಚ್ಚಳಕ್ಕೆ ಸೂಜಿ ಇಳಿದ ಮೇಲೆ 4 ಗಂಟೆಯೊಳಗೆ ಖಾಲಿಯಾಗಬೇಕು, ಉಳಿದದ್ದು ಚೆಲ್ಲಬೇಕು. ಆದ್ದರಿಂದ ಹತ್ತು ಜನ ಸೇರುವವರೆಗೂ ಸಿಸ್ಟರು ಸೀಸೆ ತೆರೆಯುತ್ತಿರಲಿಲ್ಲ. ಬೆಳಿಗ್ಗೆ ಏಳಕ್ಕೇ ಬಂದು ಕೂತ ಒಂಬತ್ತು ಮಂದಿ ಹತ್ತನೆಯವರಿಗಾಗಿ ಬಾಗಿಲನ್ನೇ ನೋಡುತ್ತಿದ್ದ ದೃಶ್ಯ ಮಾರ್ಚಿನ ಆ ಮೊದಲ ವಾರಗಳಲ್ಲಿ ಸಾಮಾನ್ಯ. ನಮ್ಮ ಬೀದಿಯ ನಿವೃತ್ತ ಹೆಡ್ಮಾಸ್ಟರು, ಸೇವೆಯಲ್ಲಿದ್ದಾಗ ದಾಖಲಾತಿ ಆಂದೋಲನಕ್ಕೆ ಮನೆಮನೆ ಅಲೆದ ಅನುಭವಿಗಳು, ಹನ್ನೊಂದು ಗಂಟೆಗೆ ತಾಳ್ಮೆಗೆಟ್ಟು ರಸ್ತೆಗಿಳಿದರು. ಸೊಪ್ಪು ಮಾರುವ ಅಜ್ಜಿಯನ್ನು ತಡೆದು ವಯಸ್ಸು ಕೇಳಿದರು. "ಸೊಪ್ಪು ತಗೋತೀಯೋ ಇಲ್ಲವೋ ಅದು ಹೇಳಪ್ಪ" ಎಂಬುದು ಆಕೆಯ ಉತ್ತರ. ಕಡೆಗೆ ಒಂಬತ್ತೂ ಜನ ತಲಾ ಎರಡು ಕಟ್ಟು ದಂಟಿನ ಸೊಪ್ಪು ಕೊಂಡ ಮೇಲೆ ಆಕೆ ಬುಟ್ಟಿಯಿಳಿಸಿ ಸೆರಗಿನ ಗಂಟಿನಿಂದ ಆಧಾರ್ ಕಾರ್ಡು ತೆಗೆದಳು. ಕೋರಂ ಭರ್ತಿಯಾಯಿತು. ಎರಡು ತಿಂಗಳ ನಂತರ ಅದೇ ಬಾಗಿಲಲ್ಲಿ ಹತ್ತು ಡೋಸಿಗೆ ನೂರು ಮಂದಿ, ಬೆಳಗಿನ ಜಾವವೇ ಸಾಲಿನಲ್ಲಿ ಚಪ್ಪಲಿಗಳು. ಎರಡೂ ಕಾಲವನ್ನು ಕಂಡ ಸಿಸ್ಟರು ಒಂದೇ ಪ್ಲಾಸ್ಟಿಕ್ ಕುರ್ಚಿಯ ಮೇಲೆ, ಒಂದೇ ದನಿಯಲ್ಲಿ "ತೋಳು ಸಡಿಲ ಬಿಡಿ" ಎನ್ನುತ್ತಿದ್ದರು. ಈ ಪ್ರಬಂಧದಲ್ಲಿ ಪ್ರಬಂಧಕಾರನು ಅಣಕವಿಲ್ಲದೆ ನಮಸ್ಕರಿಸುವುದು ಅವರೊಬ್ಬರಿಗೆ.

ಈಗ ಇತಿಹಾಸ. ಲಸಿಕೆ ಹಾಕಿಸಿಕೊಳ್ಳುತ್ತಿರುವ ಫೋಟೋ ತೆಗೆಸಿ ಊರಿಗೆಲ್ಲ ಕಳಿಸುವ ಸಂಪ್ರದಾಯ ವಾಟ್ಸ್‌ಆಪ್‌ನೊಂದಿಗೆ ಹುಟ್ಟಿತೆಂಬುದು ಅಜ್ಞರ ಮತ. ಸುಮಾರು 1805ರಲ್ಲಿ ಥಾಮಸ್ ಹಿಕಿ ಎಂಬ ಐರಿಷ್ ಚಿತ್ರಕಾರ ಮೈಸೂರು ಅರಮನೆಯ ಮೂವರು ಸ್ತ್ರೀಯರನ್ನು ಚಿತ್ರಿಸಿದ. ಅವರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ ಸಿಡುಬಿನ ಲಸಿಕೆ ಹಾಕಿಸಿಕೊಂಡ ತೋಳನ್ನು ತೋರಿಸುತ್ತ ನಿಂತಿದ್ದಾರೆಂದೂ, ನಡುವೆ ನಿಂತವರು ದೊರೆಯ ಅಜ್ಜಿ ಲಕ್ಷ್ಮಮ್ಮಣ್ಣಿಯೆಂದೂ ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಅರ್ಥೈಸಿದ್ದಾರೆ. ಈ ಅರ್ಥ ಒಪ್ಪುವುದಾದರೆ ಅಂದು ಅಜ್ಜಿ ಪಕ್ಕದಲ್ಲಿ ನಿಂತು ಮೊಮ್ಮಗನ ಹೆಂಡತಿಗೆ ಹಾಕಿಸಿದರು. 2021ರಲ್ಲಿ ಮೊಮ್ಮಗ ಪಕ್ಕದಲ್ಲಿ ನಿಂತು ಅಜ್ಜಿಗೆ ಹಾಕಿಸಿ, "ಅಜ್ಜಿ, ಇಲ್ನೋಡು, ಮಾಸ್ಕ್ ಸರಿ ಮಾಡ್ಕೋ" ಎಂದು ಕ್ಲಿಕ್ಕಿಸಿದ. ರಾಣಿಯ ಚಿತ್ರದಲ್ಲಿ ರಾಣಿಯೇ ಇದ್ದಾರೆ. ಲಸಿಕೆಯ ಪ್ರಮಾಣಪತ್ರದಲ್ಲಿ ಇದ್ದದ್ದು ಪ್ರಧಾನಿಯವರ ಫೋಟೋ. "ಚುಚ್ಚಿದ್ದು ನಂಗೆ, ನನ್ ಫೋಟೋ ಎಲ್ಲೋ?" ಎಂಬ ಅಜ್ಜಿಯ ಪ್ರಶ್ನೆಗೆ ಲ್ಯಾಮಿನೇಷನ್ ಅಂಗಡಿಯವನಲ್ಲೂ ಉತ್ತರವಿರಲಿಲ್ಲ.

ಈ ತಲೆಮಾರಿಗೆ ಸೂಜಿಯ ಭಯವಿತ್ತೆಂದು ಬರೆದವರು ಅವರ ತೋಳು ನೋಡಿಲ್ಲ. ಪ್ರತಿಯೊಬ್ಬರ ತೋಳಿನಲ್ಲೂ ದಾಕು ಹಾಕಿದ ಗುಂಡನೆಯ ಕಲೆಯಿದೆ. ಹೆಡ್ಮಾಸ್ಟರು ಬಾಲ್ಯದಲ್ಲಿ ದಾಕು ಹಾಕುವವರು ಊರಿಗೆ ಬಂದರೆಂದು ಅಟ್ಟ ಹತ್ತಿ ಕೂತವರು, ಸಂಜೆ ಹಸಿವಾಗಿ ಇಳಿದಾಗ ಸಿಕ್ಕಿಬಿದ್ದವರು. ಅಂಥ ತೋಳುಗಳ ಒಟ್ಟು ಪುಣ್ಯದಿಂದ 1977ರಲ್ಲಿ ದೇಶ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಜ್ವರದ ವಿಚಾರದಲ್ಲೂ ಹಿರಿಯರದೇ ಮೇಲುಗೈ. ಲಸಿಕೆಯ ಮೈಕೈನೋವು, ಜ್ವರ ವಯಸ್ಸಾದವರಿಗಿಂತ ಎಳೆಯರನ್ನು ಹೆಚ್ಚು ಕಾಡುತ್ತದೆಂಬುದು ವೈದ್ಯವಿಜ್ಞಾನವೇ ಒಪ್ಪಿದ ಸಂಗತಿ. ನಲವತ್ತೈದರ ಮಗ ಡೋಲೋ ನುಂಗಿ ಎರಡು ದಿನ ಹೊದ್ದು ಮಲಗಿದ್ದಾಗ ಎಪ್ಪತ್ತೈದರ ಅಪ್ಪ ಸಂಪಿಗೆ ನೀರು ಬಿಡುತ್ತಿದ್ದರು. ಕಾರಣ ರಾಗಿಮುದ್ದೆಯೆಂದು ಅವರು. ರೋಗನಿರೋಧಕ ವ್ಯವಸ್ಥೆಗೇ ವಯಸ್ಸಾಗಿ ಅಬ್ಬರ ಕಡಿಮೆಯಾಗಿರುತ್ತದೆಂದು ವೈದ್ಯರು. ಎರಡನೆಯ ವಿವರಣೆಯನ್ನು ಅವರ ಮುಂದೆ ಹೇಳುವ ಧೈರ್ಯ ಮನೆಯಲ್ಲಿ ಯಾರಿಗೂ ಇರಲಿಲ್ಲ.

ಕೊನೆಗೆ ಪ್ರಯೋಜನ. ಲಸಿಕೆಯ ನಂತರ 30 ನಿಮಿಷ ಕೂರಬೇಕು ಎಂಬ ನಿಯಮವೇ ಈ ಶಾಸ್ತ್ರದ ಫಲಶ್ರುತಿ. ಕುರ್ಚಿಗಳನ್ನು ಆರಡಿ ಅಂತರಕ್ಕೆ ಇಟ್ಟಿರುತ್ತಿದ್ದರು. ಹತ್ತು ನಿಮಿಷದಲ್ಲಿ ಅವು ಯಾರೂ ಎಳೆಯದೆ ಹತ್ತಿರವಾಗಿರುತ್ತಿದ್ದವು. ಕಿವಿ ಮಂದವಾದವರ ನಡುವೆ ಆರಡಿ ಅಂತರದಲ್ಲಿ ಗುಟ್ಟು ಹೇಳಲು ಆಗುವುದಿಲ್ಲವಷ್ಟೆ. ಒಂದು ವರ್ಷದ ಬಾಕಿ ಮಾತು: ಮಂಡಿ ಆಪರೇಷನ್ ಮುಂದೆ ಹೋದದ್ದು, ಮೊಮ್ಮಗಳ ಮದುವೆಗೆ ಐವತ್ತೇ ಜನ ಎಂದದ್ದು, ಪಾರ್ಕಿನ ಗೆಳೆಯರಲ್ಲಿ ಯಾರು ಈಗಿಲ್ಲ ಎಂಬುದು. ಸಿಸ್ಟರು ಬಂದು "ಆಯ್ತು ತಾತ, ನೀವು ಹೊರಡಬಹುದು" ಎಂದರೆ, "ಇರಮ್ಮ, ಸ್ವಲ್ಪ ತಲೆ ಸುತ್ತಿದ ಹಾಗಿದೆ" ಎಂದು ಇನ್ನೊಂದು ಅರ್ಧ ಗಂಟೆ ಗಿಟ್ಟಿಸುತ್ತಿದ್ದರು. ನಮ್ಮ ಅಧ್ಯಯನದಲ್ಲಿ ಕಂಡುಬಂದ ಏಕೈಕ ಗಂಭೀರ ಅಡ್ಡಪರಿಣಾಮ ಇದು.

2021ರ ನವೆಂಬರಿನಲ್ಲಿ ಮನೆಮನೆಗೇ ಬಂದು ಲಸಿಕೆ ಹಾಕುವ ಆಂದೋಲನ ಬಂತು. ಜನಾರೋಗ್ಯದ ದೃಷ್ಟಿಯಿಂದ ಅದು ಶ್ಲಾಘನೀಯ. ನಮ್ಮ ಸಿದ್ಧಾಂತದ ದೃಷ್ಟಿಯಿಂದ ಅದು ತಿರುಗಾಟವನ್ನೇ ಕಿತ್ತುಕೊಂಡು ಸುಂಕ ಮಾತ್ರ ಉಳಿಸಿದ ಕ್ರಮ. ತಿರುವಿನ ಮನೆಯ ಅಜ್ಜಿ, ಮಂಡಿನೋವಿನಿಂದ ಎರಡನೆಯ ಡೋಸ್ ತಪ್ಪಿಸಿಕೊಂಡವರು, ಆಶಾ ಕಾರ್ಯಕರ್ತೆ ಬರುತ್ತಾಳೆಂದು ತಿಳಿದು ಇಳಕಲ್ ಸೀರೆ ಉಟ್ಟು ವರಾಂಡದಲ್ಲಿ ಕೂತಿದ್ದರು. ಜೊತೆಗೆ ಬಂದ ಸಿಸ್ಟರು ಚುಚ್ಚಿ, ಹತ್ತಿ ಒತ್ತಿ, ಡಬ್ಬಿಯ ಮುಚ್ಚಳ ಹಾಕಿದರು.

"ಎಲ್ಲಿ ಹೊರಟ್ರಿ? ಅರ್ಧ ಗಂಟೆ ಕೂರಬೇಕಲ್ಲ. ಹೋದ್ಸಲ ಬೋರ್ಡೇ ಹಾಕಿದ್ರು."

"ಅದು ನಿಮಗಜ್ಜಿ, ನಮಗಲ್ಲ. ಇನ್ನೂ ಹನ್ನೆರಡು ಮನೆ ಇದೆ."

"ನಾನು ಕೂತಿರ್ತೀನಿ ಸರಿ, ನನಗೇನಾದ್ರೂ ಆಗುತ್ತಾ ಅಂತ ನೋಡೋರ್ಯಾರು? ಅದೂ ನಿಯಮಾನೇ ತಾನೆ? ಕೂತ್ಕೊಳ್ಳಿ, ಕಾಫಿಗೆ ನೀರಿಟ್ಟಾಯ್ತು."

ಸಿಸ್ಟರು ಆಶಾ ಕಾರ್ಯಕರ್ತೆಯ ಮುಖ ನೋಡಿದರು. ಅಷ್ಟರಲ್ಲಿ ಅಜ್ಜಿ ಅವರ ಊರು ಯಾವುದೆಂದು ಕೇಳಿಯಾಗಿತ್ತು.