ಗ್ರಹಮಡಿ ಮೀಮಾಂಸೆ

ಅನ್ಯಗ್ರಹಗಳ ಪಾವಿತ್ರ್ಯರಕ್ಷಣೆಯೆಂಬ ಶಾಸ್ತ್ರವು 1967ರ ಬಾಹ್ಯಾಕಾಶ ಒಪ್ಪಂದದ ಒಂಬತ್ತನೆಯ ವಿಧಿಯಲ್ಲಿ ಕಟ್ಟಳೆಯ ರೂಪ ತಾಳಿತೆಂದು ಪಾಶ್ಚಾತ್ಯ ಪಂಡಿತರು ಬಗೆದಿರುವರಾದರೂ, ಮಾನ್ವಿಯ ನಮ್ಮ ಅಜ್ಜಿಯ ಅಡುಗೆಮನೆಯನ್ನು ಕಂಡವರಾರೂ ಈ ಕಾಲನಿರ್ಣಯವನ್ನು ಒಪ್ಪಲಾರರು. ಒಗೆದ ಸೀರೆಯನ್ನು ಕೋಲಿನಿಂದೆತ್ತಿ, ಜಂತಿಗೆ ಕಟ್ಟಿದ ಬಿದಿರ ಗಳದ ಮೇಲೆ ಹರವಿ, ಕೆಳಗೆ ಸುಳಿದಾಡುವ ನಮ್ಮನ್ನು “ಮುಟ್ಟಬ್ಯಾಡ್ರೋ, ಮಡೀದು ಅದ!” ಎಂದು ಗದರುತ್ತಿದ್ದ ಆಕೆಯು, 1976ರಲ್ಲಿ ಮಂಗಳನ ಮೇಲಿಳಿದ ವೈಕಿಂಗ್ ನೌಕೆಗಳನ್ನು ಹಾರಿಸುವ ಮುನ್ನ 110 ಡಿಗ್ರಿಗೂ ಮಿಕ್ಕ ಒಣಶಾಖದಲ್ಲಿ ತಾಸುಗಟ್ಟಲೆ ಕಾಯಿಸಿದ ಅಮೆರಿಕದ ವಿಜ್ಞಾನಿಗಳಿಗೆ ನಿಸ್ಸಂಶಯವಾಗಿ ಪೂರ್ವಾಚಾರ್ಯೆ. (ರಾಯಚೂರಿನ ವೈಶಾಖದಲ್ಲಿ, ಮಾಳಿಗೆಯ ಮೇಲೆ, ಸಂಡಿಗೆಯ ಪಕ್ಕದಲ್ಲಿ ನಾಲ್ಕು ದಿನ ಇಟ್ಟಿದ್ದರೆ ಇಂಧನದ ವೆಚ್ಚ ಉಳಿಯುತ್ತಿತ್ತೆಂಬುದು ನನ್ನ ನಮ್ರ ಮತ.) ಭೇದವೊಂದುಂಟು: ಬಹುಕಾಲ ಮನುಷ್ಯರನ್ನೇ ದೂರವಿಡಲು ಬಳಕೆಯಾದ ಮಡಿಯು ಇಲ್ಲಿ ಕ್ರಿಮಿಗಳನ್ನಷ್ಟೇ ದೂರವಿಡುತ್ತದೆ.

1958ರಲ್ಲಿ ಹುಟ್ಟಿದ ಕೋಸ್ಪಾರ್ ಎಂಬ ಅಂತರರಾಷ್ಟ್ರೀಯ ಸಮಿತಿಯು ಈ ಮಡಿಯನ್ನು ಐದು ವರ್ಗಗಳಾಗಿ ವಿಂಗಡಿಸಿದೆ. ಮಂಗಳನ ಮೇಲೆ ಇಳಿಯುವವರದು ನಾಲ್ಕನೆಯ ವರ್ಗದ ಕಡುಮಡಿ. ಚಂದ್ರನದು ಎರಡನೆಯದು, ಎಂದರೆ ಏನೇನು ಒಯ್ದೆವೆಂದು ಬರೆದಿಟ್ಟರೆ ಸಾಕು. 2023ರ ಆಗಸ್ಟ್ 23ರಂದು ದಕ್ಷಿಣಧ್ರುವದ ದಿಕ್ಕಿನಲ್ಲಿ ಇಳಿದ ನಮ್ಮ ವಿಕ್ರಮನೂ ಈ ಸಡಿಲ ಮಡಿಯವನೇ. ಅಪೊಲೊ ಯಾತ್ರಿಕರಾದರೋ ತಮ್ಮ ಮಲಮೂತ್ರದ ಚೀಲಗಳನ್ನು ಅಲ್ಲಿಯೇ ಬಿಟ್ಟುಬಂದರು. ಆದರೂ 1969ರಲ್ಲಿ, ಚಂದ್ರನ ಮೈಲಿಗೆಯೇ ಇವರಿಗೆ ತಗಲಿತೇನೋ ಎಂಬ ಭಯದಿಂದ, ಮೊದಲ ಯಾತ್ರಿಕರನ್ನು ಮೂರು ವಾರ ಬೇರೆಯಾಗಿ ಇರಿಸಲಾಯಿತು. ಅತಿಥಿಯು ಅಂಗಳ ಕೆಡಿಸಿ ಆತಿಥೇಯನನ್ನು ಶಂಕಿಸುವ ಈ ನ್ಯಾಯವು ನಮ್ಮ ಕಡೆಯ ಬೀಗರಲ್ಲಿಯೂ ಪ್ರಸಿದ್ಧವಾದುದು.

ಇಲ್ಲಿ ದೇವದುರ್ಗದ ಪೂರ್ವಪಕ್ಷಿಯೊಬ್ಬರು ಆಕ್ಷೇಪಿಸುವರು: “ಅಲ್ರೀ, ಅಲ್ಲಿ ಯಾರೂ ಇಲ್ಲ ಅಂದಮ್ಯಾಲ ಯಾರ ಸಲುವಾಗಿ ಮಡಿ?” ಅವರ ತರ್ಕವು ಕೃಷ್ಣಾತೀರದ ಮರಳಿನಲ್ಲಿ ಬೆಳೆದದ್ದು. ಚಂದ್ರನು ಯಾವ ರಾಷ್ಟ್ರದ ಸ್ವತ್ತೂ ಅಲ್ಲವೆಂದು 1967ರ ಅದೇ ಒಪ್ಪಂದವು ಸಾರುತ್ತದೆ. ಯಾರದೂ ಅಲ್ಲದುದು ಎಲ್ಲರದು. ಎಲ್ಲರದಾದುದು ರಾತ್ರಿ ಮೊದಲು ಟಿಪ್ಪರ್ ತಂದವನದು. ಇದರಲ್ಲಿ ಹೇತ್ವಾಭಾಸವನ್ನು ಹುಡುಕಿ ನಾನು ಸೋತಿದ್ದೇನೆ.

ಇನ್ನುಳಿದುದು ಒಂದು ಶಂಕೆ. ರಾಯಚೂರಿನ ನಮ್ಮ ಚಿಕ್ಕಮ್ಮ ಮಾಳಿಗೆಯ ಮೇಲೆ ಮಡಿಸೀರೆ ಒಣಹಾಕಿದೊಡನೆ, ಹತ್ತಿರದ ರೈಸ್‌ಮಿಲ್ಲಿನಲ್ಲಿ ಉರಿದ ಭತ್ತದ ಹೊಟ್ಟಿನ ಕರಿಬೂದಿ ಎಸಳೆಸಳಾಗಿ ಇಳಿದು ಸೆರಗಿನ ಮೇಲೆ ಕೂಡುತ್ತದೆ. ಇದು ಯಾವ ವರ್ಗದ ಮೈಲಿಗೆಯೆಂದು ಐದನ್ನೂ ತಿರುವಿಹಾಕುತ್ತ ನಾನು ನಿಂತಿರಲಾಗಿ, ಆಕೆ ಸೀರೆಯನ್ನು ಎರಡು ಸಲ ಝಾಡಿಸಿ, “ಮ್ಯಾಲಿಂದ ಬಿದ್ದದ್ದಕ್ಕ ಮೈಲಿಗಿ ಇಲ್ಲ ತಗೋ” ಎಂದು ಒಳಗೆ ಹೋದಳು.