ಗುಲಗಂಜಿ ತೂಕ

(ಮಧುರೆ. ಶನಿವಾರ. ಶನಿಮಹಾತ್ಮನ ಗುಡಿಗೆ ಬೆಂಗಳೂರಿನ ಕಾರುಗಳ ಸಾಲು. ಜಗಲಿಯ ಮೇಲೆ ಅಪ್ಪ, ಮಗ, ನಡುವೆ ಮೊಬೈಲು.)

ಮಗ: ನಿಶ್ಚಿತಾರ್ಥಕ್ಕೆ ವಜ್ರದುಂಗುರ ಹಾಕ್ಬೇಕು ಕಣಪ್ಪ. ಒಂದು ಕ್ಯಾರೆಟ್‌ದು.

ಅಪ್ಪ: ಅಂದ್ರೆ ಎಷ್ಟು ತೂಕ್ವೋ?

ಮಗ: 200 ಮಿಲಿಗ್ರಾಂ.

ಅಪ್ಪ: ಎರಡು ಗುಲಗಂಜಿನೂ ತೂಗಲ್ವಲ್ಲೋ! ಅದಕ್ಕೆ ಲಕ್ಷಗಟ್ಲೆನಾ?

ಮಗ: 0.90 ತಗೊಂಡ್ರೆ ಉಳಿತಾಯ. ಒಂದು ಮುಟ್ಟಿದ್ರೆ ರೇಟು ಹಾರ್ತದೆ. ಕಣ್ಣಿಗೆ ವ್ಯತ್ಯಾಸ ಗೊತ್ತಾಗಲ್ಲ.

ಅಪ್ಪ: ಗೊತ್ತಾಗ್ದೇ ಇರೋದಕ್ಕೇ ದುಡ್ಡು ಅನ್ನು.

ಮಗ: ಇನ್ನೂ ಅಗ್ಗ ಅಂದ್ರೆ ಲ್ಯಾಬ್‌ದು. ಸೂರತ್‌ನಲ್ಲಿ ಬೆಳೀತಾರೆ.

ಅಪ್ಪ: ಬೆಳೆಯೋದಾ? ಬೋರ್‌ವೆಲ್ ನೀರು ಸಾಕಾ?

ಮಗ: ನೀರಲ್ಲಪ್ಪ, ಗ್ಯಾಸು, ಕರೆಂಟು. ಕೆಲವೇ ವಾರದಲ್ಲಿ ಕೊಯ್ಲು.

ಅಪ್ಪ: ರಾತ್ರಿ ತ್ರೀ ಫೇಸ್ ಕಾಯೋ ನಮ್ಮ ಕೈಲಾಗಲ್ಲ ಬಿಡು. ನಕಲಿ ತಾನೇ?

ಮಗ: ಅದೂ ಅಸಲಿ ವಜ್ರವೇ, ಇಂಗಾಲವೇ. 2023ರಲ್ಲಿ ಮೋದಿ ಬೈಡನ್ ಹೆಂಡ್ತಿಗೆ ಕೊಟ್ಟಿದ್ದು 7.5 ಕ್ಯಾರೆಟ್ ಲ್ಯಾಬ್‌ದೇ. ಸರ್ಟಿಫಿಕೇಟೂ ಬರ್ತದೆ.

ಅಪ್ಪ: ಪಹಣಿ ಇದ್ದಂಗೆ. ಅವರಿಗೇನು, ಗಿರವಿ ಇಡೋ ಗತಿ ಬರಲ್ಲ. ನಮಗೆ ಬಂದ್ರೆ?

ಮಗ: ಹರಳಿನ ತೂಕ ಕಳೆದು ಚಿನ್ನಕ್ಕಷ್ಟೇ ಸಾಲ ಕೊಡ್ತಾರೆ.

ಅಪ್ಪ: ಯಾವುದಕ್ಕೆ ದುಡ್ಡು ಸುರಿದ್ವೋ ಅದನ್ನೇ ಕಳೀತಾರಾ!

(ಹುಡುಗಿಯನ್ನು ಇನ್ನೂ ಯಾರೂ ಕೇಳಿಲ್ಲ, ಬೆರಳಿನ ಅಳತೆಯನ್ನೂ.)

ಅವ್ವ (ಒಳಗಿಂದ): ವಜ್ರ ಶುಕ್ರನ ಹರಳು ಕಣ್ರೋ! ಶನಿಮಹಾತ್ಮನ ಊರಲ್ಲಿದ್ಕೊಂಡು ನೀಲ ಬಿಟ್ಟು ಶುಕ್ರನ್ನ ಓಲೈಸಿದ್ರೆ ಆತ ಸುಮ್ನಿರ್ತಾನಾ? ಎರಡೂ ತನ್ನಿ!

ಅಪ್ಪ (ದನಿ ತಗ್ಗಿಸಿ): ನೀಲದಲ್ಲೂ ಲ್ಯಾಬ್‌ದು ಸಿಗ್ತದೇನೋ, ನೋಡ್ಲಾ.