ಬಡಿಸಿಟ್ಟ ಹೊಂಡ

ತುರುವೇಕೆರೆ ಸೀಮೆಯಲ್ಲಿ ಯಾರ ಮನೆಗೆ ಹೋದರೂ ಮೊದಲು ಕೊಬ್ಬರಿ ರೇಟು, ಆಮೇಲೆ ಕಾಫಿ. ನಾನು ಕೊರಳಿಗೆ ದುರ್ಬೀನು ತೂಗುಹಾಕಿಕೊಂಡು ಹಕ್ಕಿ ವಿಚಾರಿಸಿದ್ದಕ್ಕೆ ಭಾವ ನನ್ನ ಮುಖವನ್ನೇ ನೋಡಿದರು. ನುಸಿ ಬಿದ್ದು ತೆಂಗು ಕೈಕೊಟ್ಟಾಗ ಅವರು ತೋಟದ ತಗ್ಗಿನಲ್ಲಿ ನಾಲ್ಕು ಹೊಂಡ ತೋಡಿಸಿ ಕಾಟ್ಲಾ, ರೋಹು ಮರಿ ಬಿಟ್ಟಿದ್ದರು.

"ಬಾರಯ್ಯ, ಕಳ್ಳರನ್ನ ತೋರುಸ್ತೀನಿ."

ಹೊಂಡದ ಮೇಲೆಲ್ಲ ಅಡ್ಡಡ್ಡ ದಾರ, ದಾರಕ್ಕೆ ಹಳೇ ಕ್ಯಾಸೆಟ್ಟಿನ ಟೇಪು. ಹಕ್ಕಿ ಹೆದರಲೆಂದು ಕಟ್ಟಿದ್ದಂತೆ. ಆ ದಾರದ ಮೇಲೆಯೇ ಮಿಂಚುಳ್ಳಿಯೊಂದು ಕೂತು ನೀರು ನೋಡುತ್ತಿತ್ತು.

"ಏರಿ ಮೇಲೆ ಕೊಳದ ಬಕ ಕೂತೈತೆ, ನೋಡು" ಎಂದರು. ದುರ್ಬೀನಿನಲ್ಲಿ ಎಷ್ಟು ಹುಡುಕಿದರೂ ಮಣ್ಣಿನ ಹೆಂಟೆಗಳೇ ಕಂಡವು. ಭಾವ ಒಂದು ಕಲ್ಲು ಬೀರಿದರು. ಒಂದು ಹೆಂಟೆಗೆ ಫಕ್ಕನೆ ಬಿಳಿ ರೆಕ್ಕೆ ಮೂಡಿ ಹಾರಿಹೋಯಿತು.

ತೆಂಗಿನ ಗರಿಯ ಮೇಲೆ ನೀರುಕಾಗೆ ರೆಕ್ಕೆ ಹರಡಿ ಕೂತಿತ್ತು. ಬಾತುಕೋಳಿಯಂತಲ್ಲ, ಇದರ ಪುಕ್ಕ ತೊಯ್ದುಹೋಗುತ್ತದೆ, ಮುಳುಗಲು ಅದೇ ಅನುಕೂಲ ಎಂದು ನಾನು ಪುಸ್ತಕ ಬಿಚ್ಚಿದೆ.

"ನನ್ ಮೀನು ತಿಂದು ನನ್ ಮರದ್ ಮೇಲೇ ಬಟ್ಟೆ ಒಣಗಾಕ್ಕಂಡೈತೆ ಅನ್ನು."

"ಮಲ್ಲಾಘಟ್ಟದಂಥ ಕೆರೆ ಬಿಟ್ಟು ಇಲ್ಲಿಗ್ಯಾಕೆ ಬರುತ್ತವೆ ಭಾವ?"

"ಅಲ್ಲಿ ಹುಡುಕ್ಬೇಕು. ಇಲ್ಲಿ ಬಡಿಸಿಟ್ಟೈತೆ."

ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಊರೊಳಗಿನ ಹುಣಸೆಮರದಲ್ಲೇ ಬಣ್ಣದ ಕೊಕ್ಕರೆಗಳು ಗೂಡು ಕಟ್ಟುತ್ತವೆ, ಊರವರೇ ಕಾಯುತ್ತಾರೆ ಎಂದು ಅವರ ಮನಸ್ಸು ಕರಗಿಸಲು ನೋಡಿದೆ. "ಕಾಯ್ಲಿ, ಪುಣ್ಯ ಅವರಿಗಿರ್ಲಿ. ಊಟದ ಖರ್ಚು ಯಾರ್ದು?" ಎಂದರು. ಕೊನೆಯ ಅಸ್ತ್ರವಾಗಿ ಸಲೀಂ ಅಲಿಯವರನ್ನು ಕರೆತಂದೆ. 1939-40ರಲ್ಲಿ ಮೈಸೂರು ಸಂಸ್ಥಾನವನ್ನೆಲ್ಲ ಸುತ್ತಿ ಹಕ್ಕಿ ಸಮೀಕ್ಷೆ ಮಾಡಿದವರು ಎಂದೆ.

"ಬರೀ ನೋಡ್ಕಂಡು ಹೋದ್ರಾ?"

"ಇಲ್ಲ, ಆ ಕಾಲದ ಪದ್ಧತಿಯಂತೆ ಮಾದರಿಗೆಂದು ಕೋವಿಯಲ್ಲಿ ಹೊಡೆದು ಸಂಗ್ರಹಿಸುತ್ತಿದ್ದರು."

ಭಾವನ ಮುಖ ಅರಳಿತು. "ಅಂಥೋರನ್ನ ಕರ್ಕಂಬರೋದು ಬಿಟ್ಟು, ನೀನು ಬರೀ ಕನ್ನಡಕ ಹಾಕ್ಕಂಡು ಬಂದಿದೀಯಲ್ಲ!"

ಆದರೂ ಗುಳುಮುಳುಕ ಎಷ್ಟು ಹೊತ್ತಿಗೆ ಯಾವ ಮೂಲೆಯಲ್ಲಿ ಮುಳುಗುತ್ತದೆ, ಎಲ್ಲಿ ಏಳುತ್ತದೆ ಎಂದು ಬೆರಳಿಟ್ಟು ತೋರಿಸಿದವರು ಅವರೇ. ದುರ್ಬೀನು ಎರಡನೇ ಹೊಂಡದ ಹತ್ತಿರವೇ ಅವರ ಕೊರಳಿಗೆ ಹೋಗಿತ್ತು. ನನ್ನ ಪಟ್ಟಿಯಲ್ಲಿ ಹನ್ನೊಂದು ಹಕ್ಕಿ. ಒಂಬತ್ತು ಅವರು ಬರೆಸಿದ್ದು, ಒಂದು ಕಾಗೆ, ಇನ್ನೊಂದು ಅವರ ಮನೆಯ ಕೋಳಿ.

ನೀವೂ ಹೋಗುವುದಾದರೆ ಬೆಳಿಗ್ಗೆ ಏಳರೊಳಗೆ ಹೋಗಿ. ನೆರಳಿದೆಯೆಂದು ತೆಂಗಿನ ಬುಡದಲ್ಲಿ ಮಾತ್ರ ಕೂರಬೇಡಿ.